ಜಿಂಕೆಯ ತಲೆ, ಬೇಡನ ಕತ್ತು

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ರಾಗಿ ಕೊಯ್ಲು ಮುಗಿದು ಮೆದೆ ಹಾಕಿತ್ತು. ರಾತ್ರಿ ಊಟ ಮುಗಿಸಿ ದೊಡ್ಡಪ್ಪನ ಜೊತೆ ಕಣದ ಹತ್ತಿರ ಕಂಬಳಿ ಹಾಸ್ಕೊಂಡು ಕೂತೆ. ಎಂಟು ಗಂಟೆ ಇರಬಹುದು. ಚಂದ್ರ ಇರಲಿಲ್ಲ, ಪುಣ್ಯಕ್ಕೆ ಕರೆಂಟೂ ಇರಲಿಲ್ಲ. ಅಂಥ ಆಕಾಶ ಕಂಡರೆ ನನಗೆ ಸುಮ್ಮನೆ ಕೂರೋಕಾಗಲ್ಲ. ಬ್ಯಾಗಿನಿಂದ ಕನ್ನಡದ ನಕ್ಷತ್ರ ನಕ್ಷೆ ತೆಗೆದು, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಪಾಠ ಶುರು ಮಾಡಿದೆ. ಉತ್ತರಕ್ಕೆ ಇಂಗ್ಲಿಷಿನ ಎಂ ಅಕ್ಷರದ ಥರ ಐದು ಚುಕ್ಕಿ ಇದಾವಲ್ಲ, ಅದು ಕುಂತಿ. ಅವಳ ಎಡಕ್ಕೆ ಯುಧಿಷ್ಠಿರ. ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ದ್ರೌಪದಿ. ಬಲಗಡೆ ಪಾರ್ಥ.

ದೊಡ್ಡಪ್ಪ ಬೀಡಿ ಆರಿಸಿ ಕತ್ತೆತ್ತಿ ನೋಡಿದರು. "ಮಹಾಭಾರತ ಪೂರ್ತಿ ಮೇಲಕ್ಕೆ ಹತ್ತೈತೆ ಅನ್ನು. ಅದಿರ್ಲಿ ಕಣಪ್ಪ, ರೋಹಿಣಿ ಎಲ್ಲವ್ಳೆ? ಆರಿದ್ರೆ ಎಲ್ಲೈತೆ? ನಮ್ ಮಳೆಗಳು ಒಂದೂ ಇಲ್ವಾ ನಿನ್ ಕಾಗದ್ದಾಗೆ?"

ಇದ್ದವು, ಸಣ್ಣ ಅಕ್ಷರದಲ್ಲಿ. ಪೂರ್ವಕ್ಕೆ ತಿರುಗಿ ಒಂದೊಂದಾಗಿ ತೋರಿಸಿದೆ. ನೆತ್ತಿಯ ಹತ್ತಿರ ಅಶ್ವಿನಿ, ಅದರ ಕೆಳಗೆ ಭರಣಿ, ಆಮೇಲೆ ಗೊಂಚಲಿನ ಹಾಗೆ ಕೃತ್ತಿಕೆ, ಕೆಂಪಗೆ ರೋಹಿಣಿ, ಇನ್ನೂ ಕೆಳಗೆ ಮೃಗಶಿರ, ದಿಗಂತದಿಂದ ಸ್ವಲ್ಪ ಮೇಲೆ ಆರಿದ್ರೆ. ತೋರಿಸುತ್ತಾ ತೋರಿಸುತ್ತಾ ನನಗೇ ಮೈ ಜುಮ್ಮೆಂದಿತು. ಏಪ್ರಿಲ್ಲಿನಿಂದ ಜುಲೈವರೆಗಿನ ಮಳೆಗಳೆಲ್ಲ ಕ್ರಮ ತಪ್ಪದೆ ಒಂದರ ಕೆಳಗೊಂದು ನಿಂತಿದ್ದವು. ಇಷ್ಟು ವರ್ಷ ಆಕಾಶ ನೋಡಿದವನಿಗೆ ಆ ಸಾಲು ಸಾಲಾಗಿ ಕಂಡಿದ್ದು ಅವತ್ತೇ.

ದೊಡ್ಡಪ್ಪ ಬಿಡಲಿಲ್ಲ. "ರೋಹಿಣಿ ಈಗ ಇಲ್ಲೇ ಬಂದವ್ಳೆ ಅಂತೀಯ. ಹಂಗಾದ್ರೆ ರೋಹಿಣಿ ಮಳೆ ಈಗ ಯಾಕಿಲ್ಲ? ಅದು ಬೇಸಿಗೆ ಕೊನೇಲಿ ಯಾಕೆ ಬತ್ತದೆ?"

ತಕ್ಷಣಕ್ಕೆ ತೊದಲಿದೆ. ಕೈಯಲ್ಲಿದ್ದ ನಕ್ಷೆ ಸಹಾಯಕ್ಕೆ ಬರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಆಮೇಲೆ ಹೇಳ್ತೀನಿ. ಮೊದಲು ಆ ನಕ್ಷೆಯ ಬಗ್ಗೆ ನನ್ನ ತಕರಾರು ಹೇಳಬೇಕು. ತಕರಾರು ಒಂದು ನಕ್ಷೆಯದ್ದಲ್ಲ, ನಕ್ಷತ್ರಪುಂಜಗಳಿಗೆ ನಾವು ಕನ್ನಡದಲ್ಲಿ ಹೆಸರು ಇಟ್ಟುಕೊಂಡಿರುವ ರೀತಿಯದ್ದು.

ಮೊದಲೇ ಒಂದು ಮಾತು. ಕನ್ನಡದಲ್ಲಿ ಆಕಾಶ ನೋಡೋದನ್ನ ಕಲಿಸಿದವರ ಮೇಲೆ ನನಗೆ ಅಪಾರ ಗೌರವ ಇದೆ. ಜಿ.ಟಿ. ನಾರಾಯಣ ರಾವ್ ಅವರಂಥವರು ಬರೆಯದೇ ಹೋಗಿದ್ದರೆ ನನ್ನಂಥ ಎಷ್ಟೋ ಜನ ತಲೆ ಎತ್ತುತ್ತಲೇ ಇರಲಿಲ್ಲ. ಆದರೆ ಗೌರವ ಇದೆ ಅಂತ ಪ್ರಶ್ನೆ ಕೇಳದೆ ಇರೋಕಾಗಲ್ಲ.

ಆಕಾಶದಲ್ಲಿ ಅಧಿಕೃತವಾಗಿ 88 ನಕ್ಷತ್ರಪುಂಜಗಳಿವೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ ಪಟ್ಟಿಯನ್ನು ಒಪ್ಪಿತು. ಅವುಗಳ ಗಡಿಗಳನ್ನು ಬೆಲ್ಜಿಯಂನ ಯೂಜೀನ್ ಡೆಲ್ಪೋರ್ಟ್ ಗುರುತಿಸಿದ, 1930ರಲ್ಲಿ ಅದು ಪ್ರಕಟವಾಯಿತು. ಅಧಿಕೃತ ಹೆಸರುಗಳೆಲ್ಲ ಲ್ಯಾಟಿನ್. ಪ್ರಬಂಧ ಬರೆಯುವ ವಿಜ್ಞಾನಿಗೆ ಅಷ್ಟು ಸಾಕು. ಅಂದರೆ ಕನ್ನಡದ ಹೆಸರು ವಿಜ್ಞಾನಕ್ಕೆ ಬೇಕಾಗಿಲ್ಲ. ಅದು ಬೇಕಾಗಿರೋದು ಕಣದಲ್ಲಿ, ತಾರಸಿಯಲ್ಲಿ, ಶಾಲೆಯ ಮೈದಾನದಲ್ಲಿ ಕತ್ತೆತ್ತಿ ನಿಂತವರಿಗೆ. ಹಾಗಾಗಿ ಕನ್ನಡದ ಹೆಸರನ್ನು ಅಳೆಯೋಕೆ ನನ್ನ ಹತ್ತಿರ ಇರೋದು ಒಂದೇ ಅಳತೆಗೋಲು: ಈ ಹೆಸರು ನೋಡೋದಕ್ಕೆ ಸಹಾಯ ಮಾಡುತ್ತಾ?

ಹಳೆಯ ಹೆಸರುಗಳನ್ನ ಈ ಕೋಲಿನಿಂದ ಅಳೆದು ನೋಡಿ. ಧ್ರುವ ಯಾವತ್ತೂ ಜಾಗ ಬಿಟ್ಟು ಕದಲೋದಿಲ್ಲ. ಕಥೆಯಲ್ಲೂ ಅವನಿಗೆ ಸಿಕ್ಕ ವರ ಅದೇ. ಅಗಸ್ತ್ಯ ವಿಂಧ್ಯ ದಾಟಿ ದಕ್ಷಿಣಕ್ಕೆ ಬಂದವನು. ಅಗಸ್ತ್ಯ ನಕ್ಷತ್ರವೂ ದಕ್ಷಿಣದಲ್ಲೇ ಕಾಣುತ್ತೆ. ವಸಿಷ್ಠನ ಪಕ್ಕದಲ್ಲಿ ಅರುಂಧತಿ ಎಷ್ಟು ಹತ್ತಿರ ಅಂದರೆ, ಕಣ್ಣು ಚುರುಕಾಗಿದ್ದರೆ ಮಾತ್ರ ಎರಡು ಅಂತ ಗೊತ್ತಾಗೋದು. ಮದುವೆಯಲ್ಲಿ ಅದನ್ನೇ ತೋರಿಸ್ತಾರೆ. ಮೇ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ದಕ್ಷಿಣಕ್ಕೆ ನೋಡಿದರೆ ತ್ರಿಶಂಕು. ಬೆಂಗಳೂರಿನಿಂದ ನೋಡಿದರೆ ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ ಬರ್ತಾನೆ, ಅಷ್ಟೇ. ಅಲ್ಲಿಂದ ಮೇಲೆ ಏರೋ ಹಾಗಿಲ್ಲ. ಅತ್ತ ಸ್ವರ್ಗವೂ ಇಲ್ಲ, ಇತ್ತ ಭೂಮಿಯೂ ಇಲ್ಲ. ಆ ನಾಲ್ಕು ಚುಕ್ಕಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾ? ಇವೆಲ್ಲ ಪುರಾಣದ ಹೆಸರುಗಳೇ. ಆದರೆ ಪ್ರತಿ ಕಥೆಯೂ ಕಣ್ಣಿಗೆ ಕಾಣೋದನ್ನೇ ವಿವರಿಸುತ್ತೆ. ಕಥೆ ನೆನಪಿದ್ದರೆ ನಕ್ಷತ್ರ ಸಿಗುತ್ತೆ, ನಕ್ಷತ್ರ ಕಂಡರೆ ಕಥೆ ನೆನಪಾಗುತ್ತೆ.

ಈಗ ಕುಂತಿಗೆ ಬನ್ನಿ. ಲ್ಯಾಟಿನ್ ಪಟ್ಟಿಯಲ್ಲಿ ಅದು ಕ್ಯಾಸಿಯೋಪಿಯಾ. ಗ್ರೀಕರ ಕಥೆಯಲ್ಲಿ ಆಕೆ ರಾಣಿ, ಪಕ್ಕದ ಸೀಫಿಯಸ್ ಗಂಡ, ಆಂಡ್ರೊಮಿಡಾ ಮಗಳು. ರಾಣಿ ತಮ್ಮ ರೂಪದ ಬಗ್ಗೆ ಜಂಬ ಕೊಚ್ಚಿಕೊಂಡಳು ಅಂತ ಸಮುದ್ರದೇವತೆಗೆ ಸಿಟ್ಟು ಬಂತು, ಅವನು ಒಂದು ಜಲರಾಕ್ಷಸನನ್ನು ಕಳಿಸಿದ. ಮಗಳನ್ನು ಬಂಡೆಗೆ ಕಟ್ಟಿದರು. ಮೆಡೂಸಾಳ ರುಂಡ ಹಿಡಿದು ಬಂದ ಪರ್ಸಿಯಸ್ ಅವಳನ್ನು ಬಿಡಿಸಿ ಮದುವೆಯಾದ. ಈ ಐದೂ ಜನ ಆಕಾಶದಲ್ಲಿ ಅಕ್ಕಪಕ್ಕ ಇದಾರೆ, ರಾಕ್ಷಸ ಸ್ವಲ್ಪ ದಕ್ಷಿಣಕ್ಕೆ. ಪರ್ಸಿಯಸ್‌ನ ಕೈಯಲ್ಲಿರುವ ರುಂಡದ ಜಾಗದಲ್ಲಿ ಆಲ್ಗಾಲ್ ಅನ್ನೋ ನಕ್ಷತ್ರ ಇದೆ. ಎರಡು ದಿನ ಇಪ್ಪತ್ತೊಂದು ಗಂಟೆಗೊಮ್ಮೆ ಅದು ಮಂಕಾಗಿ ಮತ್ತೆ ಹೊಳೆಯುತ್ತೆ. ಅರಬ್ಬಿಯಲ್ಲಿ ಅದರ ಹೆಸರಿಗೆ ಪಿಶಾಚಿಯ ತಲೆ ಅಂತಲೇ ಅರ್ಥ. ಗ್ರೀಕರ ಕಥೆಯೂ ನನ್ನ ಅಳತೆಗೋಲಿಗೆ ಸರಿಯಾಗಿ ಕೂರುತ್ತೆ.

ನಾವೇನು ಮಾಡಿದೆವು? ಆ ಸಂಸಾರವನ್ನು ಎತ್ತಿ ಪಕ್ಕಕ್ಕಿಟ್ಟು ಪಾಂಡವರ ಸಂಸಾರವನ್ನು ತಂದು ಕೂರಿಸಿದೆವು. ಜಾಣತನ ಇಲ್ಲ ಅಂತಲ್ಲ. ಪರ್ಸಿಯಸ್–ಆಂಡ್ರೊಮಿಡಾ ಗಂಡ ಹೆಂಡತಿ, ಪಾರ್ಥ–ದ್ರೌಪದಿಯೂ ಗಂಡ ಹೆಂಡತಿ. ಅಲ್ಲಿ ಅತ್ತೆ–ಅಳಿಯ, ಇಲ್ಲಿ ಅತ್ತೆ–ಸೊಸೆ. ಹರ್ಕ್ಯುಲಿಸ್‌ನ ಕೈಯಲ್ಲಿ ದೊಣ್ಣೆ ಇದೆ, ಭೀಮನ ಕೈಯಲ್ಲಿ ಗದೆ. ಆದರೆ ಸೀಫಿಯಸ್ ಗಂಡ; ಯುಧಿಷ್ಠಿರ ಮಗ. ಅದೂ ಹೋಗಲಿ. ಪಾರ್ಥನ ಕೈಯಲ್ಲಿ ಮಿಣುಕುತ್ತಿರೋದು ಯಾರ ತಲೆ? ಆ ರಾಕ್ಷಸ ನಮ್ಮ ನಕ್ಷೆಯಲ್ಲಿ ತಿಮಿಂಗಿಲ ಆಗಿ ಈಜ್ತಾ ಇದೆ; ಕುಂತಿಯ ಮನೆಗೂ ಅದಕ್ಕೂ ಏನು ಸಂಬಂಧ? ಐದು ಚುಕ್ಕಿಯ ಆ ಎಂ ಆಕಾರದಲ್ಲಿ ಕುಂತಿಯನ್ನು ನೆನಪಿಸೋದು ಯಾವುದು? ಮಹಾಭಾರತವನ್ನ ಕರತಲಾಮಲಕ ಮಾಡಿಕೊಂಡವರಿಗೂ ಈ ಹೆಸರುಗಳು ದಾರಿ ತೋರಿಸಲ್ಲ. ಗ್ರೀಕರ ಕಥೆ ಕೈಬಿಟ್ಟಿತು, ನಮ್ಮ ಕಥೆ ಅಲ್ಲಿ ಹುಟ್ಟಲಿಲ್ಲ. ಉಳಿದಿದ್ದು ಬಾಯಿಪಾಠ. ಅವತ್ತು ದೊಡ್ಡಪ್ಪ ನಕ್ಕು ಸುಮ್ಮನಾದರು. ಶಾಲೆ ಮಕ್ಕಳಿಗೆ ಆ ಸ್ವಾತಂತ್ರ್ಯವೂ ಇಲ್ಲ, ಪರೀಕ್ಷೆಗೆ ಬರೀಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಮಹಾವ್ಯಾಧ. ಓರಿಯನ್‌ಗೆ ಕನ್ನಡ ಪುಸ್ತಕಗಳಲ್ಲಿರುವ ಹೆಸರು ಅದು. ಗ್ರೀಕರಿಗೆ ಓರಿಯನ್ ಬೇಟೆಗಾರ, ಹಾಗಾಗಿ ನಾವೂ ವ್ಯಾಧ ಅಂದೆವು, ಅಂದರೆ ಬೇಡ. ನಡುವೆ ಸಾಲಾಗಿರುವ ಮೂರು ಚುಕ್ಕಿ ಅವನ ನಡುಪಟ್ಟಿ. ಬಲ ಹೆಗಲು ಆರಿದ್ರೆ. ಎರಡು ಹೆಗಲ ನಡುವೆ ಸ್ವಲ್ಪ ಮೇಲಿರೋದು ತಲೆ. ಆ ತಲೆಯ ಹೆಸರೇನು ಗೊತ್ತಾ? ಮೃಗಶಿರ. ಅಂದರೆ ಜಿಂಕೆಯ ತಲೆ!

ಬೇಡನ ಕತ್ತಿನ ಮೇಲೆ ಜಿಂಕೆಯ ತಲೆ ಹೇಗೆ ಬಂತು? ನಮ್ಮ ಹಳೆಯ ಚಿತ್ರದಲ್ಲಿ ಅಲ್ಲಿ ಬೇಡ ಇರಲೇ ಇಲ್ಲ, ಅದಕ್ಕೆ. ಅಲ್ಲಿದ್ದದ್ದು ಜಿಂಕೆ. ಐತರೇಯ ಬ್ರಾಹ್ಮಣದಲ್ಲಿ ಕಥೆ ಇದೆ. ಪ್ರಜಾಪತಿ ಗಂಡು ಜಿಂಕೆಯ ರೂಪದಲ್ಲಿ ತನ್ನ ಮಗಳ ಬೆನ್ನು ಹತ್ತಿದ. ಆಕೆಯೇ ರೋಹಿಣಿ. ಈ ಅನ್ಯಾಯ ಕಂಡ ದೇವತೆಗಳು ಒಬ್ಬ ಉಗ್ರನನ್ನು ಸೃಷ್ಟಿಸಿ ಅವನಿಗೆ ಬಾಣ ಬಿಡಿಸಿದರು. ಏಟು ತಿಂದ ಜಿಂಕೆ ಆಕಾಶಕ್ಕೆ ನೆಗೆದು ಮೃಗ ಆಯಿತು, ಹೊಡೆದವನು ಮೃಗವ್ಯಾಧನಾದ, ಮೂರು ಗೆಣ್ಣಿನ ಆ ಬಾಣವೂ ಆಕಾಶದಲ್ಲೇ ಉಳಿಯಿತು. ನಡುಪಟ್ಟಿ ಅಂತೀವಲ್ಲ, ಆ ಮೂರು ಚುಕ್ಕಿಯೇ ಬಾಣ. ಮೃಗವ್ಯಾಧ ಅಂದರೆ ಲುಬ್ಧಕ, ಇಂಗ್ಲಿಷಿನ ಸಿರಿಯಸ್, ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ.

ಈಗ ಡಿಸೆಂಬರ್ ರಾತ್ರಿ ಪೂರ್ವಕ್ಕೆ ಮುಖ ಮಾಡಿ ಕೂರಿ. ಮೊದಲು ಏಳೋದು ರೋಹಿಣಿ. ಅವಳ ಹಿಂದೆ ಮೃಗ. ಒಂಬತ್ತರ ಹೊತ್ತಿಗೆ ಎಲ್ಲರಿಗಿಂತ ಹಿಂದೆ ಲುಬ್ಧಕ. ಬಾಣದ ಆ ಮೂರು ಚುಕ್ಕಿಗಳ ಗೆರೆಯನ್ನು ಕೆಳಕ್ಕೆ ಎಳೆದರೆ ಅದು ನೇರ ಬಾಣ ಬಿಟ್ಟವನ ಹತ್ತಿರಕ್ಕೇ ಹೋಗುತ್ತೆ. ಓಡುವವಳು, ಅಟ್ಟಿಸಿಕೊಂಡು ಹೋಗುವವನು, ಹೊಡೆಯುವವನು. ರಾತ್ರಿಯಿಡೀ ಅದೇ ಕ್ರಮದಲ್ಲಿ ಪಶ್ಚಿಮಕ್ಕೆ ಸಾಗ್ತಾರೆ. ಕಥೆ ಗೊತ್ತಿದ್ದವರಿಗೆ ನಕ್ಷೆಯೇ ಬೇಡ.

ಇಂಥ ಚಿತ್ರ ಕೈಯಲ್ಲಿದ್ದೂ ನಾವು ಗ್ರೀಕರ ಬೇಟೆಗಾರನನ್ನು ಸಂಸ್ಕೃತಕ್ಕೆ ತಿರುಗಿಸಿ ಜಿಂಕೆಯ ಮೇಲೆ ಅಂಟಿಸಿದೆವು. ಅದೂ ವ್ಯಾಧ ಅನ್ನೋ ಪದವನ್ನೇ ಬಳಸಿ. ಹಾಗಾಗಿ ಒಂದೇ ಪುಟದಲ್ಲಿ ಇಬ್ಬರು ಬೇಡರು, ಜಿಂಕೆ ಮಾತ್ರ ನಾಪತ್ತೆ. ಮೃಗಶಿರ ಅನ್ನೋ ಹೆಸರು ಅನಾಥವಾಗಿ ನೇತಾಡ್ತಿದೆ. ಹೆಸರು ದೇಸಿ ಅನ್ನಿಸಿಬಿಟ್ಟರೆ ಸಾಕು, ಕೆಲಸ ಮುಗಿಯಿತು ಅಂದುಕೊಂಡರೆ ಆಗುವ ಅನಾಹುತ ಇದು.

ಹಾಗಾದರೆ ಹೊರಗಿನ ಹೆಸರೆಲ್ಲ ಕಿತ್ತು ಬಿಸಾಕಿ ಅಂತಿದೀನಾ? ಖಂಡಿತ ಇಲ್ಲ. ಪಂಚಾಂಗದ ಮೇಷ, ವೃಷಭ, ಸಿಂಹ, ವೃಶ್ಚಿಕಗಳೂ ಬಂದವೇ. ಬ್ಯಾಬಿಲೋನಿಯಾದಿಂದ ಗ್ರೀಕರಿಗೆ, ಗ್ರೀಕರಿಂದ ನಮಗೆ. ಆರನೇ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲಿ ಕ್ರಿಯ, ತಾವುರಿ, ಜಿತುಮ, ಲೇಯ ಅಂತ ಗ್ರೀಕ್ ಪದಗಳೇ ನಾಲಿಗೆ ಹೊರಳಿ ಕೂತಿವೆ. ಕೊನೆಗೆ ಗೆದ್ದದ್ದು ಮೇಷ, ವೃಷಭ. ಯಾಕೆ ಗೆದ್ದವು ಅಂದರೆ, ಅವತ್ತಿನವರು ಅನುವಾದ ಮಾಡಿದ್ದು ಚಿತ್ರವನ್ನ, ವ್ಯಕ್ತಿಯನ್ನಲ್ಲ ಅಂತ ನನಗನ್ನಿಸುತ್ತೆ. ಟಗರು ಯಾವ ದೇಶದಲ್ಲೂ ಟಗರೇ. ಕೊಂಡಿ ಎತ್ತಿದ ಚೇಳನ್ನು ಜುಲೈನ ಆಕಾಶದಲ್ಲಿ ತೋರಿಸಿದರೆ ಮೂರು ವರ್ಷದ ಮಗುವೂ ಗುರುತು ಹಿಡಿಯುತ್ತೆ. ಚಿತ್ರ ಗಡಿ ದಾಟುತ್ತೆ, ನೆಂಟಸ್ತಿಕೆ ದಾಟಲ್ಲ.

ಅನುವಾದವನ್ನೇ ಮಾಡದೆ ನುಂಗಿದರೂ ನಡೆಯುತ್ತೆ. ಯುರೋಪಿನವರು ಅರಬ್ಬಿ ಹೆಸರುಗಳನ್ನು ಹಾಗೇ ನುಂಗಿದರು. ರೀಗಲ್ ಅಂದರೆ ಕಾಲು, ಡೆನೆಬ್ ಅಂದರೆ ಬಾಲ. ಬೀಟಲ್‌ಜೂಸ್‌ನ ಮೊದಲ ಅಕ್ಷರವನ್ನಂತೂ ತಪ್ಪಾಗಿಯೇ ಓದಿಕೊಂಡರು, ಆ ತಪ್ಪೇ ಇವತ್ತು ಜಗತ್ತಿನ ಹೆಸರು. ನಮ್ಮ ರೋಹಿಣಿಗೆ ಅರಬ್ಬರು ಕೊಟ್ಟ ಹೆಸರು ಆಲ್ಡೆಬರಾನ್, ಹಿಂಬಾಲಿಸುವವನು ಅಂತ ಅರ್ಥ. ಕೃತ್ತಿಕೆಯ ಹಿಂದೆಯೇ ಏಳುತ್ತಲ್ಲ, ಅದಕ್ಕೆ. ನಾವು ಬಣ್ಣ ನೋಡಿ ಕೆಂಪನೆಯವಳು ಅಂದೆವು, ಅವರು ನಡಿಗೆ ನೋಡಿ ಹಿಂಬಾಲಿಸುವವನು ಅಂದರು. ಇಬ್ಬರೂ ನೋಡಿಯೇ ಹೆಸರಿಟ್ಟವರು.

ಇನ್ನೊಬ್ಬ ಇದಾನೆ, ಫ್ರಾನ್ಸಿನ ಲಕಾಯ್. 1751ರ ಹೊತ್ತಿಗೆ ಆಫ್ರಿಕಾದ ಗುಡ್‌ಹೋಪ್ ಭೂಶಿರಕ್ಕೆ ಹೋಗಿ ದಕ್ಷಿಣದ ನಕ್ಷತ್ರಗಳನ್ನು ಎಣಿಸಿ 14 ಹೊಸ ಪುಂಜಗಳನ್ನು ಮಾಡಿದ. ದೇವರು ದಿಂಡರ ಹೆಸರು ಇಡಲಿಲ್ಲ. ದೂರದರ್ಶಕ, ಸೂಕ್ಷ್ಮದರ್ಶಕ, ಗಡಿಯಾರ, ಕುಲುಮೆ, ಗಾಳಿ ಪಂಪು ಅಂತ ಇಟ್ಟ. ಮಂಕು ಚುಕ್ಕಿಗಳು, ಅವುಗಳಲ್ಲಿ ಗಡಿಯಾರ ಕಾಣೋದು ಕಷ್ಟವೇ. ಆದರೂ ಅವನು ತನ್ನ ಕಾಲದ ಕೆಲಸವನ್ನು ಮೇಲೆ ಬರೆದ. ಅವನಿಗೆ ಸರಿ ಕಂಡಿದ್ದನ್ನು ಇನ್ನೊಬ್ಬರ ಮನೆಯಿಂದ ತರಲಿಲ್ಲ.

ಕೆಲಸ ಅಂದ ತಕ್ಷಣ ದೊಡ್ಡಪ್ಪನ ಮಳೆಗೆ ವಾಪಸು ಬರಬೇಕು. ಕನ್ನಡದಲ್ಲಿ ಇವತ್ತಿಗೂ ಉಸಿರಾಡ್ತಿರೋ ನಕ್ಷತ್ರದ ಹೆಸರು ಯಾವುದು ಅಂದರೆ ಪುಸ್ತಕದ್ದಲ್ಲ, ಮಳೆಯದು. ಭರಣಿ ಮಳೆ ಬಂದ್ರೆ ಧರಣಿ ಎಲ್ಲಾ ಬೆಳೆ ಅಂತಾರೆ. ಪುಬ್ಬೆ ಹುಬ್ಬೆಯಾಗಿ, ಆರ್ದ್ರಾ ಆರಿದ್ರೆಯಾಗಿ, ಚಿತ್ರಾ ಚಿತ್ತೆಯಾಗಿ ಬಾಯಿಂದ ಬಾಯಿಗೆ ಸವೆದು ನುಣುಪಾಗಿವೆ. ಸವೆದಿವೆ ಅಂದರೆ ಬಳಕೆಯಲ್ಲಿವೆ ಅಂತಲೇ. ಯುಧಿಷ್ಠಿರ ಪುಂಜದ ಒಂದು ಅಕ್ಷರವೂ ಸವೆದಿಲ್ಲ ನೋಡಿ, ಪೆಟ್ಟಿಗೆಯಿಂದ ಆಚೆ ತೆಗೆದಿದ್ದರೆ ತಾನೇ.

ಆದರೆ ಈ ಮಳೆ ಹೆಸರುಗಳಿಗೂ ಒಂದು ವಿಚಿತ್ರ ಗತಿ ಬಂದಿದೆ. ಹೆಸರು ಬಾಯಲ್ಲಿ ಉಳಿಯಿತು, ನಕ್ಷತ್ರ ಕಣ್ಣಿಂದ ಜಾರಿತು. ಎಪ್ಪತ್ತು ದಾಟಿದ ದೊಡ್ಡಪ್ಪ ಅರವತ್ತು ರೋಹಿಣಿ ಮಳೆಗೆ ಹೊಲ ಹಸನು ಮಾಡಿದಾರೆ. ರೋಹಿಣಿಯ ಮುಖ ಗುರುತು ಹಿಡಿದದ್ದು ಕಳೆದ ಡಿಸೆಂಬರಿನಲ್ಲಿ. ಪುಸ್ತಕದ ಹೆಸರಿಗೆ ಬಾಯಿಲ್ಲ, ಬಾಯಿಯ ಹೆಸರಿಗೆ ಆಕಾಶವಿಲ್ಲ. ಎರಡನ್ನೂ ಒಂದು ಕಡೆ ಸೇರಿಸಬೇಕಾಗಿದ್ದ ನಮ್ಮ ನಕ್ಷೆಗಳು ಕುಂತಿಯನ್ನು ಮೆರೆಸಿ ರೋಹಿಣಿಯನ್ನು ಸಣ್ಣಕ್ಷರಕ್ಕೆ ತಳ್ಳಿವೆ. ನನ್ನ ನಿಜವಾದ ಸಿಟ್ಟು ಇರೋದು ಇಲ್ಲಿ.

ದೊಡ್ಡಪ್ಪನಿಗೆ ಉತ್ತರ ಕೊಟ್ಟಿದ್ದು ಮಾರನೇ ದಿನ ಬೆಳಿಗ್ಗೆ, ಕಾಫಿ ಕುಡೀತಾ. ವರ್ಷದಲ್ಲಿ ಸೂರ್ಯ ಇಪ್ಪತ್ತೇಳು ನಕ್ಷತ್ರಗಳ ಮನೆ ಸುತ್ತುತ್ತಾನೆ. ಒಂದೊಂದು ಮನೆಯಲ್ಲಿ ಹದಿಮೂರು ಹದಿನಾಲ್ಕು ದಿನ. ಮೇ 25ರ ಹೊತ್ತಿಗೆ ರೋಹಿಣಿಯ ಮನೆಗೆ ಕಾಲಿಡ್ತಾನೆ, ಜೂನ್ 8ರ ಹೊತ್ತಿಗೆ ಮೃಗಶಿರಕ್ಕೆ, 22ರ ಸುಮಾರಿಗೆ ಆರಿದ್ರೆಗೆ. ಸೂರ್ಯ ಆ ಮನೆಯಲ್ಲಿದ್ದಾಗ ಬಂದ ಮಳೆಗೆ ಆ ಹೆಸರು. ಸೂರ್ಯ ಇದ್ದ ಕಡೆ ನಕ್ಷತ್ರ ಕಾಣೋದಿಲ್ಲ. ಅದಕ್ಕೇ ರೋಹಿಣಿ ಮಳೆ ದಿನಗಳಲ್ಲಿ ರೋಹಿಣಿ ಕಾಣಲ್ಲ. ಆರು ತಿಂಗಳಾದ ಮೇಲೆ, ಸೂರ್ಯ ಎದುರು ದಿಕ್ಕಿಗೆ ಹೋದಾಗ, ರಾತ್ರಿಯಿಡೀ ಕಾಣುತ್ತೆ.

ದೊಡ್ಡಪ್ಪ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಕಣ್ಣಿಗೆ ಕಾಣದೆ ಇದ್ದಾಗ್ಲೇ ಅವಳ ಹೆಸರು ಹೇಳ್ತೀವಿ ಅನ್ನು."

ಹೌದು. ಎಂಥ ಲೆಕ್ಕ ಇದು ಯೋಚನೆ ಮಾಡಿ. ಹಗಲಲ್ಲಿ ಕಾಣದ ನಕ್ಷತ್ರ ಸೂರ್ಯನ ಹಿಂದೆ ಇದೆ ಅಂತ ಗೊತ್ತಾಗಬೇಕಾದರೆ, ಯಾರೋ ಒಂದು ಕಾಲಕ್ಕೆ ಸಂಜೆ ಪಶ್ಚಿಮದಲ್ಲಿ ಅದು ಮುಳುಗೋದನ್ನ, ವಾರಗಳಾದ ಮೇಲೆ ಬೆಳಗಿನ ಜಾವ ಪೂರ್ವದಲ್ಲಿ ಮತ್ತೆ ಏಳೋದನ್ನ ವರ್ಷಗಟ್ಟಲೆ ಕಾದು ನೋಡಿರಲೇಬೇಕು. ಆ ನೋಟದ ಫಲ ಹೊಲದಲ್ಲಿ ಉಳಿದಿದೆ, ನೋಟ ಉಳಿದಿಲ್ಲ.

ಮಳೆ ನಕ್ಷತ್ರ ತಪ್ಪೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಭೂಮಿಯ ಅಕ್ಷ ನಿಧಾನಕ್ಕೆ ತೊನೆಯೋದರಿಂದ ಈ ತಾರೀಕುಗಳು ಋತುವಿನ ಲೆಕ್ಕದಲ್ಲಿ 72 ವರ್ಷಕ್ಕೊಂದು ದಿನ ಮುಂದಕ್ಕೆ ಸರಿಯುತ್ತವೆ. ವರಾಹಮಿಹಿರನ ಕಾಲಕ್ಕೂ ಇವತ್ತಿಗೂ ಮೂರು ವಾರ ವ್ಯತ್ಯಾಸ. ಗಾದೆ ಹವಾಮಾನ ವರದಿ ಅಲ್ಲ. ನಾನು ಕೇಳ್ತಿರೋದು ಇಷ್ಟೇ: ಕನ್ನಡದಲ್ಲಿ ಮುಂದೆ ನಕ್ಷತ್ರ ನಕ್ಷೆ ಮಾಡುವವರು ಕ್ಯಾಸಿಯೋಪಿಯಾವನ್ನು ಕ್ಯಾಸಿಯೋಪಿಯಾ ಅಂತಲೇ ಬಿಡಲಿ, ಪಕ್ಕದಲ್ಲಿ ಅವಳ ಕಥೆ ಎರಡು ಸಾಲು ಬರೆಯಲಿ. ಓರಿಯನ್ ಜಾಗದಲ್ಲಿ ಜಿಂಕೆಯನ್ನು ವಾಪಸು ಬರೆಯಲಿ. ಅಶ್ವಿನಿಯಿಂದ ವಿಶಾಖೆವರೆಗೆ ಪ್ರತಿ ನಕ್ಷತ್ರದ ಪಕ್ಕ ಅದರ ಮಳೆಯ ತಾರೀಕು ಹಾಕಲಿ, ರಾತ್ರಿ ಯಾವಾಗ ಕಾಣುತ್ತೆ ಅನ್ನೋದನ್ನೂ ಹಾಕಲಿ. ದೊಡ್ಡಪ್ಪನಂಥವರು ಹೊಸದಾಗಿ ಒಂದು ಹೆಸರನ್ನೂ ಕಲಿಯಬೇಕಿಲ್ಲ, ಗೊತ್ತಿರೋ ಹೆಸರಿಗೆ ಮುಖ ಸಿಕ್ಕರೆ ಸಾಕು.

ಇನ್ನೊಂದು ತಮಾಷೆ. ಆ ಅಂತರರಾಷ್ಟ್ರೀಯ ಒಕ್ಕೂಟ 2016ರಲ್ಲಿ ನಕ್ಷತ್ರಗಳ ಹೆಸರಿಗೆಂದೇ ಒಂದು ಸಮಿತಿ ಮಾಡಿತು. ಅದು ಒಪ್ಪಿರುವ ಹೆಸರುಗಳಲ್ಲಿ ರೇವತಿ ಇದೆ, ಭರಣಿಯೂ ಇದೆ. ಮೇಷ ರಾಶಿಯ 41ನೇ ನಕ್ಷತ್ರವನ್ನು ಈಗ ಜಗತ್ತಿನ ಯಾವ ಮೂಲೆಯಲ್ಲಾದರೂ ಭರಣಿ ಅಂತಲೇ ಕರೀಬಹುದು. ನಮ್ಮೂರಿನ ಗಾದೆಯ ಹೆಸರು ಲ್ಯಾಟಿನ್ ಪಟ್ಟಿಯ ಪಕ್ಕ ಹೋಗಿ ಕೂತಿದೆ. ಅದಕ್ಕೆ ಯಾರೂ ವೇಷ ಹಾಕಿಸಲಿಲ್ಲ.

ಮೇ ಕೊನೆಗೆ ದೊಡ್ಡಪ್ಪ ಫೋನ್ ಮಾಡಿದ್ದರು. ಡಿಸೆಂಬರಿನಿಂದ ದಿನಾ ಸಂಜೆ ನೋಡ್ತಿದ್ದರಂತೆ. ದಿನ ದಿನಕ್ಕೂ ಪಶ್ಚಿಮಕ್ಕೆ ಇಳೀತಾ ಇತ್ತಂತೆ. "ನಿನ್ ರೋಹಿಣಿ ಹೋದ್ಲು ಕಣಪ್ಪ, ಹದಿನೈದು ದಿನ ಆಯ್ತು, ಕಾಣ್ತಿಲ್ಲ," ಅಂದರು. "ನೀನು ಹೇಳಿದ್ದು ಸರಿಯಾಗೈತೆ. ಮಳೆ ಒಂದು ಬಂದಿಲ್ಲ ನೋಡು."